ಜಾತಕ ಕೂಡದ ಬಿಲ್ಲು

ಪೀಣ್ಯದ ಸಣ್ಣ ವರ್ಕ್‌ಶಾಪೊಂದು ದೊಡ್ಡ ಕಂಪನಿಗೆ ಸಾವಿರ ಬುಷ್‌ಗಳನ್ನು (ಯಂತ್ರದ ತಿರುಗುವ ಭಾಗಕ್ಕೆ ತೊಡಿಸುವ ಬಳೆಗಳನ್ನು) ಮಾಡಿ ಕಳುಹಿಸಿತು ಎಂದಿಟ್ಟುಕೊಳ್ಳೋಣ. ಮಾಲು ಗೇಟು ದಾಟಿದ ಗಳಿಗೆಯಿಂದ ಕಂಪನಿಯ ವಿಭಾಗಗಳೆಲ್ಲ ಅಪೂರ್ವ ಒಗ್ಗಟ್ಟಿನಿಂದ ದುಡಿಯತೊಡಗುತ್ತವೆ. ಹಣ ಮಾತ್ರ ಗೇಟು ದಾಟುವುದಿಲ್ಲ.

ಬೇಕಾದವರು ಇಂಡೆಂಟ್ (ಬೇಡಿಕೆ ಚೀಟಿ) ಹಾಕಬೇಕು, ಪರ್ಚೇಸ್‌ನವರು ಪಿ.ಓ. (ಖರೀದಿ ಆದೇಶ) ಕೊಡಬೇಕು, ಸ್ಟೋರ್ಸ್‌ನವರು ಎಣಿಸಿ ಜಿ.ಆರ್.ಎನ್. (ಮಾಲು ಬಂದ ದಾಖಲೆ) ಮಾಡಬೇಕು, ಅಕೌಂಟ್ಸ್‌ನವರು ಆ ಎರಡರೊಂದಿಗೆ ಬಿಲ್ಲನ್ನು ತಾಳೆ ನೋಡಿ ಪಾವತಿಸಬೇಕು. ಪಿ.ಓ.ದಲ್ಲಿ ಬಿಡಿ ಲೆಕ್ಕವಿದ್ದು ಬಿಲ್ಲಿನಲ್ಲಿ ಸೆಟ್ ಲೆಕ್ಕವಿದ್ದರೆ ಇ.ಆರ್.ಪಿ. ಎಂಬ ಕಂಪನಿಯ ತಂತ್ರಾಂಶ ಅದನ್ನು ತಡೆಹಿಡಿಯುತ್ತದೆ. ಜಾತಕ ನೋಡುವ ಜೋಯಿಸರು ಇದಕ್ಕಿಂತ ಉದಾರಿಗಳು, ದೋಷಕ್ಕೊಂದು ಶಾಂತಿಯನ್ನಾದರೂ ಸೂಚಿಸುತ್ತಾರೆ.

ಈ ನಡುವೆ ಪ್ರೊಡಕ್ಷನ್‌ನವರು, ಲೈನ್ ನಿಲ್ಲಬಾರದೆಂಬ ಒಂದೇ ಕಾಳಜಿಯಿಂದ, ಬುಷ್‌ಗಳನ್ನು ಯಂತ್ರಗಳಿಗೆ ಜೋಡಿಸಿರುತ್ತಾರೆ. ಸೇಲ್ಸ್‌ನವರು ಆ ಯಂತ್ರಗಳನ್ನು ಮಾರಿ ಇನ್ಸೆಂಟಿವ್ ಪಡೆದಿರುತ್ತಾರೆ. ಗಿರಾಕಿಯ ಕಾರ್ಖಾನೆಯಲ್ಲಿ ಹಗಲಿರುಳು ತಿರುಗುತ್ತಿರುವ ಅದೇ ಬುಷ್‌ಗಳು ಕಂಪನಿಯ ಕಂಪ್ಯೂಟರಿನಲ್ಲಿ ಮಾತ್ರ ಇನ್ನೂ ‘ತಪಾಸಣೆಯಲ್ಲಿವೆ’. ಮಾಲಿನ ಹಣ ಕೊಡುವ ಅವಧಿಯನ್ನು 60 ದಿನದಿಂದ 90ಕ್ಕೆ ಏರಿಸಿದ್ದಕ್ಕಾಗಿ ಪರ್ಚೇಸ್ ಮ್ಯಾನೇಜರಿಗೆ ವರ್ಷದ ಉತ್ತಮ ಉದ್ಯೋಗಿ ಪ್ರಶಸ್ತಿಯೂ ಸಂದಿರುತ್ತದೆ.

ಸಣ್ಣ ಉದ್ಯಮಗಳಿಗೆ, ಮಾಲು ಒಪ್ಪಿಕೊಂಡ 45 ದಿನಗಳೊಳಗೆ ಹಣ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು ಎಂದು 2006ರ ಕಾಯ್ದೆ ಹೇಳುತ್ತದೆ. ಬಡ್ಡಿ ಕೇಳಿದರೆ ಮುಂದಿನ ಪಿ.ಓ. ಬರುವುದಿಲ್ಲವೆಂಬುದು ಕಾಯ್ದೆಯಲ್ಲಿಲ್ಲ, ಆದರೆ ಪೀಣ್ಯದಲ್ಲಿ ಎಲ್ಲರಿಗೂ ಗೊತ್ತು. ಮಾಲು ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪ ಬರದಿದ್ದರೆ ಅದನ್ನು ಒಪ್ಪಿಕೊಂಡಂತೆಯೇ ಎಂದೂ ಅದರಲ್ಲಿದೆ. ಈ ಒಂದು ವಾಕ್ಯವನ್ನು ಕ್ವಾಲಿಟಿ ವಿಭಾಗ ಶ್ರದ್ಧೆಯಿಂದ ಓದಿಕೊಂಡಿದ್ದು, ಪರೀಕ್ಷಾ ವರದಿಯ ಮೇಲಿನ ಮೊಹರು ವಾರೆಯಾಗಿದೆಯೆಂಬ ಪತ್ರವನ್ನು ತಪ್ಪದೆ 14ನೆಯ ದಿನ ಕಳುಹಿಸುತ್ತದೆ.

2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯ ನಿಯಮವೂ ಬಿಗಿಯಾಯಿತು. ಕಿರು ಮತ್ತು ಸಣ್ಣ ಉದ್ಯಮಗಳಿಗೆ ಅವಧಿಯೊಳಗೆ ಕೊಡದೆ ಉಳಿಸಿಕೊಂಡ ಬಾಕಿಯನ್ನು, ವಾಸ್ತವವಾಗಿ ಪಾವತಿಸಿದ ವರ್ಷದಲ್ಲಷ್ಟೇ ಖರ್ಚಿಗೆ ಹಾಕಿ ತೆರಿಗೆ ತಗ್ಗಿಸಿಕೊಳ್ಳಬೇಕು. ಹೀಗಾಗಿ ಮಾರ್ಚ್ ಕೊನೆಯ ವಾರ ಟ್ಯಾಕ್ಸ್ ವಿಭಾಗ ಬೆಚ್ಚಿಬಿದ್ದು ಸಭೆ ಕರೆಯುತ್ತದೆ, ಎಂದೂ ಮುಖ ನೋಡದ ಏಳು ವಿಭಾಗಗಳು ಒಂದೇ ಮೇಜಿನ ಸುತ್ತ ಕುಳಿತು ಮೊದಲ ಬಾರಿಗೆ ಒಮ್ಮತದ ನಿರ್ಣಯಕ್ಕೆ ಬರುತ್ತವೆ: ಹಳೆಯ ಬಿಲ್ಲನ್ನು ರದ್ದುಮಾಡಿ ಏಪ್ರಿಲ್ ತಾರೀಖಿನ ಹೊಸ ಬಿಲ್ಲು ಕಳುಹಿಸುವಂತೆ ವರ್ಕ್‌ಶಾಪಿನವರಿಗೆ ತಿಳಿಸುವುದು. ಹಳೆಯ ಬಿಲ್ಲಿನ ಜಿ.ಎಸ್.ಟಿ.ಯನ್ನು ಅವರು ಕೈಯಿಂದ ಕಟ್ಟಿ ತಿಂಗಳುಗಳಾಗಿವೆ. ಅದು ಯಾವ ವಿಭಾಗದ ವ್ಯಾಪ್ತಿಗೂ ಬರುವುದಿಲ್ಲ.