ಪ್ಲಾಟ್‌ಫಾರಂ ತುದಿಯಲ್ಲಿ ಕ್ಯಾಮೆರಾ ಹಿಡಿದು

ಇಂಗ್ಲೆಂಡಿನ ಯಾರ್ಕ್ ರೈಲು ನಿಲ್ದಾಣದ ಪ್ಲಾಟ್‌ಫಾರಂಗಳು ಬಿಲ್ಲಿನಂತೆ ಬಾಗಿವೆ. 1877ರಲ್ಲಿ ತೆರೆದ ಆ ನಿಲ್ದಾಣದ ಕಬ್ಬಿಣ, ಗಾಜಿನ ಚಾವಣಿಯೂ ಅದೇ ತಿರುವಿನಲ್ಲಿ ಸಾಗುವುದರಿಂದ, ಒಳಬರುವ ಗಾಡಿಯ ಮೂತಿ ಮತ್ತು ಹಿಂದಿನ ಬೋಗಿಗಳ ಸಾಲು ಒಂದೇ ಚಿತ್ರದಲ್ಲಿ ಸೊಗಸಾಗಿ ಕೂಡುತ್ತವೆ. ಮೊದಲ ಸಲ ಕ್ಯಾಮೆರಾ ಹಿಡಿದು ಅಲ್ಲಿ ನಿಂತಾಗ, ಯಾರಾದರೂ ಬಂದು ತಡೆಯುತ್ತಾರೆಂದೇ ಕಾಯುತ್ತಿದ್ದೆ. ಬಂದವರು ಟೋಪಿ ಹಾಕಿಕೊಂಡ ಒಬ್ಬ ಹಿರಿಯರು. ಕೈಯಲ್ಲಿ ಗಾಡಿಗಳ ನಂಬರು ಬರೆದಿಟ್ಟ ಪುಟ್ಟ ಪುಸ್ತಕ, ಕಾಲಬಳಿ ಚಹಾದ ಫ್ಲಾಸ್ಕು. ಎಡಿನ್‌ಬರೋ ಗಾಡಿ ಬರಲು ಇನ್ನು ನಾಲ್ಕು ನಿಮಿಷವಿದೆ, ಸ್ವಲ್ಪ ಎಡಕ್ಕೆ ಸರಿದರೆ ಕಂಬ ಅಡ್ಡ ಬರುವುದಿಲ್ಲ ಎಂದು ತಿಳಿಸಿ ತಮ್ಮ ಜಾಗವನ್ನೇ ಬಿಟ್ಟುಕೊಟ್ಟರು.

ಅಲ್ಲಿ ಸ್ವಂತ ಖುಷಿಗಾಗಿ ಚಿತ್ರ ತೆಗೆಯುವವರಿಗೆ ನಿಯಮ ಗೊತ್ತಿದೆ, ನಿಲ್ದಾಣದ ಸಿಬ್ಬಂದಿಗೂ ಅದೇ ನಿಯಮ ಗೊತ್ತಿದೆ. ಹಳದಿ ಗೆರೆ ದಾಟಬಾರದು, ಚಾಲಕರ ಕಣ್ಣು ಕೋರೈಸುವ ಫ್ಲ್ಯಾಶ್ ಬಳಸಬಾರದು, ಪ್ರಯಾಣಿಕರಿಗೆ ಅಡ್ಡಿಯಾಗಬಾರದು. ಇಷ್ಟು ಪಾಲಿಸಿದವರು ಗಂಟೆಗಟ್ಟಲೆ ನಿಂತಿರಬಹುದು.

ನಮ್ಮ ಕಡೆಯ ಒಂದು ಜಂಕ್ಷನ್ನಿನಲ್ಲಿ ನನಗಾದ ಅನುಭವವೇ ಬೇರೆ. ಮಳೆ ನಿಂತ ಮುಂಜಾನೆ, ಒದ್ದೆ ಪ್ಲಾಟ್‌ಫಾರಂನಲ್ಲಿ ಸಿಗ್ನಲ್ಲಿನ ಕೆಂಪು ಬೆಳಕು ಬಿದ್ದಿತ್ತು. ಆಚೆ ಹಳಿಯಲ್ಲಿ ಸರಕು ಗಾಡಿಯೊಂದು ದಾರಿ ಕಾಯುತ್ತಿತ್ತು. ಎರಡು ಚಿತ್ರ ತೆಗೆಯುವಷ್ಟರಲ್ಲಿ ಸಮವಸ್ತ್ರದವರೊಬ್ಬರು ಬಂದು, "ಪರ್ಮಿಷನ್ ಇದೆಯೇನ್ರೀ?" ಎಂದು ಕೇಳಿ ಎರಡನ್ನೂ ಅಳಿಸಿಹಾಕಿಸಿದರು. ಯಾವ ನಿಯಮ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಅವರು ಅತ್ತ ಹೋಗುತ್ತಲೇ, ಅಷ್ಟು ಹೊತ್ತೂ ನೋಡುತ್ತಿದ್ದ ಚಹಾದವರು ಕೆಟಲ್ ಕೆಳಗಿಟ್ಟು, ಕೂದಲು ಸವರಿಕೊಂಡು, "ಅಣ್ಣಾ, ನಂದೊಂದು ತೆಗೀರಿ" ಎಂದರು.

ಇಂಗ್ಲೆಂಡಿನಲ್ಲಿ ನನಗೆ ಸಿಗದಿರುವುದು ಅದೇ. ಸಾರ್ವಜನಿಕ ಸ್ಥಳದಲ್ಲಿ ಎದುರಾದವರ ಚಿತ್ರ ತೆಗೆಯಲು ಅಲ್ಲಿ ಕಾನೂನಿನ ಅಡ್ಡಿಯಿಲ್ಲದಿದ್ದರೂ, ಲೆನ್ಸು ತಮ್ಮತ್ತ ತಿರುಗಿದ್ದು ಕಂಡರೆ ಜನ ಮುಖ ತಿರುಗಿಸುತ್ತಾರೆ. ಅವರ ಸಂಕೋಚವನ್ನು ಮೀರಿ ಕ್ಲಿಕ್ಕಿಸಲು ನನಗೂ ಮನಸ್ಸು ಬರುವುದಿಲ್ಲ. ಹೀಗಾಗಿ ಯಾರ್ಕ್‌ನಲ್ಲಿ ತೆಗೆದ ನನ್ನ ನೂರಾರು ಚಿತ್ರಗಳಲ್ಲಿ ಗಾಡಿಗಳು ತುಂಬಿವೆ, ಮುಖಗಳಿಲ್ಲ. ಊರಿನ ಚಿತ್ರಗಳಲ್ಲಿ ಕಡಲೆಕಾಯಿ ಮಾರುವವರು, ಮೂಟೆಯ ಮೇಲೆ ನಿದ್ದೆ ಹೋದ ಮಗು, ಕಿಟಕಿಯಿಂದ ಬುತ್ತಿ ಕೊಡುವ ಅಜ್ಜಿ ಎಲ್ಲರೂ ಇದ್ದಾರೆ. ಅವರ ಹಿಂದೆ ನಿಂತ ಗಾಡಿ ಮಾತ್ರ ಅರೆಬರೆ.

ನಮ್ಮಲ್ಲಿ ಹೀಗೆ ಗಾಡಿಯ ಚಿತ್ರ ತೆಗೆಯಲು ತಡೆಯುವುದರಿಂದ ಆಗುವ ನಷ್ಟ ಸಣ್ಣದಲ್ಲ. ಬ್ರಿಟಿಷ್ ರೈಲ್ವೆಯ ಮುಖ್ಯ ಮಾರ್ಗಗಳಲ್ಲಿ ಉಗಿ ಎಂಜಿನ್ನುಗಳ ಓಡಾಟ 1968ರ ಆಗಸ್ಟ್‌ನಲ್ಲಿ ಮುಗಿಯುವ ಮುನ್ನ ಹವ್ಯಾಸಿಗಳು ಹಳಿಯುದ್ದಕ್ಕೂ ನಿಂತು ಚಿತ್ರ ತೆಗೆದರು. ಆದ್ದರಿಂದಲೇ ಆ ಕಾಲದ ಸಣ್ಣಪುಟ್ಟ ನಿಲ್ದಾಣಗಳೂ ಇಂದಿಗೂ ಕಣ್ಣಿಗೆ ಸಿಗುತ್ತವೆ. ಹಾಸನದಿಂದ ಮಂಗಳೂರಿಗೆ ಘಾಟಿಯಲ್ಲಿ ಇಳಿಯುವ ಮಾರ್ಗವೂ 1990ರ ದಶಕದವರೆಗೆ ಮೀಟರ್ ಗೇಜ್, ಅಂದರೆ ಒಂದು ಮೀಟರ್ ಅಗಲದ ಹಳಿ, ಆಗಿತ್ತು. ಅದಕ್ಕಿಂತ ಅಗಲವಾದ ಬ್ರಾಡ್ ಗೇಜ್ ಆದ ಮೇಲೆ ಪ್ರಯಾಣಿಕರ ಗಾಡಿ ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಆ ಹಳೆಯ ಚಿಕ್ಕ ಬೋಗಿಗಳ ಚಿತ್ರಕ್ಕಾಗಿ ನೆಂಟರಿಷ್ಟರ ಮನೆಯ ಆಲ್ಬಮ್ಮುಗಳನ್ನೆಲ್ಲ ಹುಡುಕಿದೆ. ಮದುವೆಗೆ ಹೊರಟವರ ಹಿಂದೆ ಬೋಗಿಯ ಅರ್ಧ ಬಾಗಿಲು ಕಾಣುವ ಒಂದೇ ಒಂದು ಚಿತ್ರ ಸಿಕ್ಕಿತು.

ಎಲ್ಲಿ ಬೇಕಾದರೂ ಬಿಡಿ ಎಂದು ನಾನು ಕೇಳುತ್ತಿಲ್ಲ. 57 ಸುರಂಗಗಳಿರುವ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಚಿತ್ರಕ್ಕಾಗಿ ಹಳಿಯ ಮೇಲೆ ನಡೆಯುವುದು ಜೀವಕ್ಕೆ ಎರವು. ಹಳಿಯ ಮೇಲಿನ ಅತಿಕ್ರಮ ಪ್ರವೇಶಕ್ಕೆ 1989ರ ರೈಲ್ವೆ ಕಾಯ್ದೆ ಆರು ತಿಂಗಳವರೆಗೆ ಸೆರೆವಾಸವನ್ನೂ ಇಟ್ಟಿದೆ, ಅದು ಸರಿಯಾಗಿಯೇ ಇದೆ. ನಾನು ಕೇಳುವುದು ಪ್ಲಾಟ್‌ಫಾರಂ ಮಟ್ಟಿಗೆ ಮಾತ್ರ. ಗಾಡಿಗಳ ವೇಳಾಪಟ್ಟಿಯ ಪಕ್ಕದಲ್ಲಿಯೇ, ಪ್ರಯಾಣಿಕರು ಎಲ್ಲಿ ನಿಂತು, ಯಾವುದರ ಚಿತ್ರ ತೆಗೆಯಬಹುದು, ಯಾವುದರದು ಕೂಡದು ಎಂದು ನಾಲ್ಕು ಸಾಲು ಕನ್ನಡದಲ್ಲಿ ಬರೆದು ಹಾಕಲಿ. ಮಾರ್ಗಗಳಿಗೆಲ್ಲ ವಿದ್ಯುತ್ ತಂತಿ ಬಂದು ಡೀಸೆಲ್ ಎಂಜಿನ್ನುಗಳು ಹಿಂದೆ ಸರಿಯುತ್ತಿರುವಾಗ, ಆ ಫಲಕ ಈ ವರ್ಷವೇ ಬಂದರೆ ಒಳ್ಳೆಯದು.