ಈಗ ಯಾವ ಏರಿಯಾ?

ಮೂವತ್ತು ವರ್ಷದ ಮೇಲೆ ಸಿಕ್ಕ ಹೈಸ್ಕೂಲು ಗೆಳೆಯನನ್ನು ಏನಂತ ಮಾತಾಡಿಸುವುದು? ಚೆನ್ನಾಗಿದ್ದೀಯಾ ಅಂದರೆ ಹೂಂ ಅನ್ನುತ್ತಾನೆ, ಅಲ್ಲಿಗೆ ಮುಗಿಯಿತು. ಏನು ಕೆಲಸ ಅಂದರೆ ಸಂಬಳ ಕೇಳಿದ ಹಾಗಾಗುತ್ತದೆ. ಮಕ್ಕಳೆಷ್ಟು ಅಂತ ಕೇಳುವುದಂತೂ ಬೇಡವೇ ಬೇಡ. ಬೆಂಗಳೂರಿನವರು ಇದಕ್ಕೊಂದು ಸಲೀಸಾದ ದಾರಿ ಕಂಡುಕೊಂಡಿದ್ದಾರೆ. "ಈಗ ಯಾವ ಏರಿಯಾ?" ಅಂದರೆ ಸಾಕು. ಮಿಕ್ಕಿದ್ದನ್ನು ಅವನೇ ಹೇಳುತ್ತಾನೆ.

ನಮ್ಮದು 1996ರ ಎಸ್ಸೆಸ್ಸೆಲ್ಸಿ ಬ್ಯಾಚು. ಬಸವನಗುಡಿ ಕಡೆಯ ಕನ್ನಡ ಮೀಡಿಯಂ ಶಾಲೆ. ಆಗ ನಮ್ಮೆಲ್ಲರ ಮನೆಯೂ ನಡೆದು ಹೋಗುವಷ್ಟು ಹತ್ತಿರ. ಹನುಮಂತನಗರ, ಶ್ರೀನಗರ, ಗವಿಪುರ, ಚಾಮರಾಜಪೇಟೆ, ತಪ್ಪಿದರೆ ತ್ಯಾಗರಾಜನಗರ. ಬಿಟಿಎಸ್ ಬಸ್ಸಿನಲ್ಲಿ ಬರುವವನನ್ನು ಪರಸ್ಥಳದವನ ಹಾಗೆ ನೋಡುತ್ತಿದ್ದೆವು. ಅರ್ಧ ಕ್ಲಾಸಿನ ಫೋನು ಪಿಪಿ ನಂಬರು. ಪಕ್ಕದ ಮನೆಯವರಿಗೆ ಮಾಡಿ, ಅವರು ಕಾಂಪೌಂಡ್ ಮೇಲಿಂದ ಕೂಗಿ ಕರೆಯುವಷ್ಟರಲ್ಲಿ ನಾವೇ ಹೋಗಿ ಗೇಟು ಅಲ್ಲಾಡಿಸಿಬಿಡಬಹುದಿತ್ತು.

ಆ ವರ್ಷದ ಮಾರ್ಚ್ 9ರಂದು ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಭಾರತ–ಪಾಕಿಸ್ತಾನ ವಿಶ್ವಕಪ್ ಕ್ವಾರ್ಟರ್ ಫೈನಲ್. ಪರೀಕ್ಷೆ ತಲೆಯ ಮೇಲೆ ಕೂತಿತ್ತು. ಆಮಿರ್ ಸೊಹೈಲ್ ಫೋರ್ ಹೊಡೆದು ಬ್ಯಾಟು ತೋರಿಸಿದ್ದು, ಮುಂದಿನ ಬಾಲಿಗೇ ನಮ್ಮ ವೆಂಕಟೇಶ್ ಪ್ರಸಾದ್ ಅವನ ಸ್ಟಂಪು ಹಾರಿಸಿದ್ದು, ಇದನ್ನು ನಾವು ನೋಡಿದ್ದು ಶ್ರೀನಗರದ ಒಂದು ಮನೆಯ ಹಾಲಿನಲ್ಲಿ. ಜಾಗವಿಲ್ಲದೆ ಕೆಲವರು ಕಿಟಕಿಯ ಸರಳು ಹಿಡಿದು ನಿಂತಿದ್ದರು. ಈಗ ಕೇಳಿದರೆ ಅವರಲ್ಲೇ ಅರ್ಧ ಜನ ಸ್ಟೇಡಿಯಂನಲ್ಲಿದ್ದೆವು ಅನ್ನುತ್ತಾರೆ. ಅವತ್ತು ಸ್ಟೇಡಿಯಂನಲ್ಲಿದ್ದೆ ಎನ್ನುವ ಬೆಂಗಳೂರಿನವರನ್ನೆಲ್ಲ ಕೂರಿಸಬೇಕಾದರೆ ಪಕ್ಕದ ಕಬ್ಬನ್ ಪಾರ್ಕನ್ನೂ ಸೇರಿಸಿಕೊಳ್ಳಬೇಕು. ಇರಲಿ. ಶ್ರೀನಗರದ ಆ ಮನೆ ಈಗಿಲ್ಲ. ಅಣ್ಣತಮ್ಮಂದಿರಿಗೆ ಪಾಲಾಗಿ, ಬಿಲ್ಡರ್ ಕೈಗೆ ಹೋಗಿ, ನಾಲ್ಕು ಫ್ಲೋರಿನ ಅಪಾರ್ಟ್‌ಮೆಂಟು ಎದ್ದಿದೆ. ಮನೆಯ ಮಗ ಕನಕಪುರ ರೋಡಿನ ಕಡೆ ಹೋಗಿದ್ದಾನೆ.

ನಮ್ಮ ಬ್ಯಾಚಿನ ಕಥೆ ಶುರುವಾಗುವುದೇ ಇಲ್ಲಿಂದ. ಮೊದಲು ಅಪ್ಪನ ಮನೆ. ಆಮೇಲೆ ಮದುವೆಯಾಗಿ ಬನಶಂಕರಿ 3ನೇ ಹಂತದಲ್ಲಿ ಭೋಗ್ಯಕ್ಕೆ. ಆಮೇಲೆ ಸೈಟು. ಅದು ಬಿಡಿಎ ಆದರೆ ಅವನು ಸ್ವಲ್ಪ ಜೋರಾಗಿ ಹೇಳುತ್ತಾನೆ. ರೆವಿನ್ಯೂ ಸೈಟಾದರೆ, ಬಿ ಖಾತಾ ಆದರೆ, ದನಿ ತಗ್ಗುತ್ತದೆ, "ಆದ್ರೆ ನೀರು ಚೆನ್ನಾಗಿದೆ ಕಣೋ" ಅಂತ ಸೇರಿಸುತ್ತಾನೆ. ಲೋನು, ಬಡ್ತಿ, ಮಕ್ಕಳ ಸ್ಕೂಲು ಎಲ್ಲ ಇದರ ಮಧ್ಯೆ ಬಂದು ಹೋಗುತ್ತವೆ. ಅಮೆರಿಕಕ್ಕೆ ಹೋದವರೂ ಬೇರೆ ಥರ ಏನಿಲ್ಲ. ಸನ್ನಿವೇಲ್‌ನಿಂದ ಫ್ರೀಮಾಂಟ್‌ಗೆ ಹೋದದ್ದನ್ನು ಥೇಟ್ ಜಯನಗರದಿಂದ ಜೆಪಿ ನಗರಕ್ಕೆ ಹೋದ ಹಾಗೇ ಹೇಳುತ್ತಾರೆ. ಜಯನಗರ 4ನೇ ಟಿ ಬ್ಲಾಕಿನಲ್ಲಿರುವ ಅಪ್ಪ ಅಮ್ಮನನ್ನು ಮಾತ್ರ ಮೊಬೈಲಿನ ಸಿಸಿಟಿವಿಯಲ್ಲಿ ಆಗಾಗ ನೋಡಿಕೊಳ್ಳುತ್ತಾರೆ.

ಒಬ್ಬನ ಕಥೆಯನ್ನಂತೂ ಹೇಳಲೇಬೇಕು. 2002ರಲ್ಲಿ ಇಂಜಿನಿಯರಿಂಗ್ ಮುಗಿಸಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕೆ ಸೇರಿದ. ಅವನ ಯೌವನವೆಲ್ಲ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕಳೆಯಿತು. ಬೊಮ್ಮನಹಳ್ಳಿಯಿಂದಾಚೆಗೆ ಫ್ಲೈಓವರ್ ಬಂದದ್ದು 2010ರ ಜನವರಿಯಲ್ಲಿ. ಹಳದಿ ಮೆಟ್ರೋ ಓಡಿದ್ದು 2025ರ ಆಗಸ್ಟ್‌ನಲ್ಲಿ. ಅಷ್ಟೊತ್ತಿಗೆ ಅವನ ಆಫೀಸು ವೈಟ್‌ಫೀಲ್ಡಿಗೆ ಹೋಗಿ, ಹಿಂದೆಯೇ ಅವನ ಮನೆಯೂ ಹೋಗಿ, ಎಷ್ಟೋ ವರ್ಷವಾಗಿತ್ತು.

ಏರಿಯಾ ಹೇಳುವುದರಲ್ಲಿ ಒಂದು ಅನುಕೂಲವಿದೆ. ಹೇಳಬಾರದ್ದನ್ನೂ ಹೇಳದೆಯೇ ಹೇಳಿಬಿಡಬಹುದು. ಗಾಂಧಿಬಜಾರಿನ ಹೋಟೆಲಿನಲ್ಲಿ ಕೂತಿದ್ದಾಗ ಒಬ್ಬನ ಸರದಿ ಬಂತು. ಪೀಣ್ಯದಲ್ಲಿ ಲೇತ್ ಮೆಷಿನ್ ಹಾಕಿಕೊಂಡು ಜಾಬ್ ವರ್ಕ್ ಮಾಡುತ್ತಿದ್ದವನು. ರಾಜಾಜಿನಗರದಲ್ಲಿ ಸ್ವಂತ ಮನೆ ಅಂತ ನಮಗೆಲ್ಲ ಗೊತ್ತಿತ್ತು. "ಲಾಕ್‌ಡೌನ್ ಆದ್ಮೇಲೆ ಅಂದ್ರಹಳ್ಳಿ ಕಡೆ ಬಂದ್ವಿ, ಬಾಡಿಗೆಗೆ" ಅಂದ. ಅಂದು ದೋಸೆಯ ಅಂಚನ್ನು ಸಣ್ಣಗೆ ಮುರಿಯುತ್ತಾ ಕೂತ. ಸ್ವಂತ ಮನೆಯಿಂದ ಬಾಡಿಗೆಗೆ, ಅದೂ ರಾಜಾಜಿನಗರದಿಂದ ಅಂದ್ರಹಳ್ಳಿಗೆ ಯಾರೂ ಸುಮ್ನೆ ಹೋಗುವುದಿಲ್ಲ. ಯಾರೂ ಕೇಳಲಿಲ್ಲ. ಪಕ್ಕದಲ್ಲಿದ್ದವನು ತನ್ನ ಬೈ ಟೂ ಕಾಫಿಯಲ್ಲಿ ಅರ್ಧ ಅವನ ಲೋಟಕ್ಕೆ ಸುರಿದು, "ಅಂದ್ರಹಳ್ಳಿಯಲ್ಲಿ ನಮ್ಮ ಚಿಕ್ಕಪ್ಪ ಇದಾರೆ, ಬಂದಾಗ ಫೋನ್ ಮಾಡ್ತೀನಿ" ಅಂದ. ಅವನಿಗೆ ಚಿಕ್ಕಪ್ಪನೇ ಇಲ್ಲ ಅಂತ ನನಗೆ ಗೊತ್ತು. ಹಾಗೆಯೇ ಇನ್ನೊಬ್ಬ, "ಅಮ್ಮನ ಜೊತೆ ಇದ್ದೀನಿ, ಹನುಮಂತನಗರದಲ್ಲೇ" ಅಂದ. ಅವನ ಹೆಂಡತಿಗೆ ನಮಸ್ಕಾರ ಹೇಳಲು ಹೊರಟವನ ಕಾಲನ್ನು ಟೇಬಲಿನ ಕೆಳಗೆ ಯಾರೋ ತುಳಿದರು.

ಲೆಕ್ಕದಲ್ಲಿ ಕ್ಲಾಸಿಗೇ ಫಸ್ಟ್ ಬರುತ್ತಿದ್ದ ಹುಡುಗಿ ಈ ಸೈಟು ಪುರಾಣ ಕೇಳಿ ಕೇಳಿ ಸಾಕಾಗಿ ಕೊನೆಗೆ ಬಾಯಿ ಬಿಟ್ಟಳು. ಬ್ಯಾಂಕಿನಲ್ಲಿ ಕೆಲಸ, ಊರೂರು ಟ್ರಾನ್ಸ್‌ಫರ್. "ನೀವೆಲ್ಲ ಸೈಟಿನ ಲೆಕ್ಕ ಹೇಳ್ತೀರಿ, ನಾನು ಅಡುಗೆಮನೆ ಲೆಕ್ಕ ಹೇಳ್ತೀನಿ ಕೇಳಿ. ಚಾಮರಾಜಪೇಟೆಯಲ್ಲಿ ನಾನು ಒಲೆ ಹಚ್ಚಿದ್ದೇ ಇಲ್ಲ, ಅಮ್ಮ ಬಿಡ್ತಿರಲಿಲ್ಲ. ವಿಜಯನಗರದಲ್ಲಿ ಅತ್ತೆ ಮನೆ. ಹನ್ನೊಂದು ಜನ, ಕಿಟಕಿಯೇ ಇಲ್ಲ. ಹೊಸಪೇಟೆಯದರಲ್ಲಿ ಚೇಳು ಬರೋದು. ಕೋಲಾರದಲ್ಲಿ ನಲ್ಲಿ ಇತ್ತು, ನೀರಿರಲಿಲ್ಲ. ಈಗ ಕೆಂಗೇರಿ ಉಪನಗರ. ಇದು ನನ್ನ ಹೆಸರಲ್ಲಿದೆ, ದಿನಾ ಸಂಜೆ ಇವರು ಅನ್ನಕ್ಕಿಡ್ತಾರೆ." ಗಂಡಸರೆಲ್ಲ ಹೇಳಿದ್ದನ್ನು ಒಟ್ಟು ಸೇರಿಸಿದರೂ ಇಷ್ಟು ವಿಷಯ ಇರಲಿಲ್ಲ ಅಂತ ನನ್ನ ಅಭಿಪ್ರಾಯ.

ಏನೂ ಹೇಳಲಾರದವನು ಒಬ್ಬನೇ. ಗವಿಪುರದ ಅದೇ ಮನೆ, ಅದೇ ಗೇಟು, ಕೆಳಗೆ ಅದೇ ದಿನಸಿ ಅಂಗಡಿ. "ಈಗ ಯಾವ ಏರಿಯಾ" ಅಂತ ಅವನನ್ನು ಯಾರೂ ಕೇಳುವುದೂ ಇಲ್ಲ. ಆದರೆ ಎಲ್ಲರ ಸುದ್ದಿಯೂ ಅವನ ಹತ್ತಿರವಿರುತ್ತದೆ. ಕಡಲೆಕಾಯಿ ಪರಿಷೆ ಬಂದಾಗ ಹೆಂಡತಿ ಮಕ್ಕಳ ಜೊತೆ ಬರುವವರೆಲ್ಲ ಅವನ ಅಂಗಡಿ ಮುಂದೆ ಗಾಡಿ ನಿಲ್ಲಿಸಿಯೇ ದೊಡ್ಡ ಬಸವಣ್ಣನ ಗುಡಿಗೆ ಹೋಗುವುದು. ಪುಕ್ಕಟೆ ಪಾರ್ಕಿಂಗ್ ಎಂಬ ಆಸೆ ಅದು, ಸ್ನೇಹವೆಂದು ಹೇಳಿಕೊಳ್ಳುತ್ತಾರೆ.

ಸೇರುವುದೂ ಯಾವಾಗಲೂ ಈ ಕಡೆಯೇ. ವಿದ್ಯಾರ್ಥಿ ಭವನ ಅಂತ ಶುರುವಾಗುತ್ತದೆ. ಆದರೆ 1943ರಿಂದ ಇರುವ ಆ ಹೋಟೆಲಿನಲ್ಲಿ, ತಿಂದು ಏಳುವುದನ್ನೇ ಕಾಯುತ್ತಾ ಜನ ನಿಂತಿರುವಾಗ ಮೂವತ್ತು ವರ್ಷದ ಕಥೆ ಹೇಳಲಾಗುತ್ತದೆಯೇ? ಜೊತೆಗೆ ಅಲ್ಲಿ ಶುಕ್ರವಾರ ರಜೆ, ಅಮೆರಿಕದವನಿಗೆ ಬಿಡುವಿರುವುದೂ ಶುಕ್ರವಾರವೇ. ಹಾಗಾಗಿ ಅಕ್ಕಪಕ್ಕದ ಯಾವುದಾದರೂ ಹೋಟೆಲು. ನ್ಯಾಷನಲ್ ಕಾಲೇಜು ಸ್ಟೇಷನ್ನಿನಲ್ಲಿ ಇಳಿದರೆ ನಡೆದೇ ಬರಬಹುದು ಅಂತ ಎಲ್ಲರೂ ಒಪ್ಪುತ್ತಾರೆ, ವೈಟ್‌ಫೀಲ್ಡಿನವನೊಬ್ಬನನ್ನು ಬಿಟ್ಟು.

ಈ ಸಲ ಅವನು ಹಟ ಹಿಡಿದ. "ನನ್ನ ಮನೆ ಗೃಹಪ್ರವೇಶಕ್ಕೂ ನೀವು ಬರಲಿಲ್ಲ. ಮುಂದಿನ ಸಲ ನಮ್ಮನೇಲೇ ಊಟ. 2023ರಲ್ಲೇ ಪರ್ಪಲ್ ಲೈನ್ ನಮ್ಮ ತನಕ ಬಂದಾಯ್ತು, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿದ್ರೆ ಆಯ್ತು" ಅಂದ. ಎಲ್ಲರೂ ಖಂಡಿತ ಖಂಡಿತ ಅಂದರು. ಆ ಖಂಡಿತದ ಬೆಲೆ ಅವನಿಗೂ ಗೊತ್ತು. ಸ್ವಲ್ಪ ಯೋಚಿಸಿ, "ರಾತ್ರಿ ಅಲ್ಲೇ ಮಲಗಿ, ಬೆಳಿಗ್ಗೆ ತಿಂಡಿ ತಿಂದು ಹೊರಡಿ" ಅಂತ ತಿದ್ದಿಕೊಂಡ. ಆಗ ನಾಲ್ಕು ಜನ ನಿಜವಾಗಿಯೂ ಒಪ್ಪಿದರು. ಒಬ್ಬ ಹಾಸಿಗೆ ತರಬೇಕಾ ಅಂತಲೂ ಕೇಳಿದ.