ಹಾಯಿ ಎಳೆಯುವವರು ಯಾರು?
ಮೆಡಿಟರೇನಿಯನ್‌ನ ಹಾಯಿಹಡಗು ಪ್ರವಾಸದ ಕುರಿತ ಲೇಖನವೊಂದರಲ್ಲಿ, ಅಲ್ಲಿ ಪ್ರಯಾಣಿಕರೇ ನಾವಿಕರಾಗುತ್ತಾರೆ ಎಂದು ಲೇಖಕರು ಹೇಳಿರುವ ಮಾತು ಎಲ್ಲ ಹಡಗುಗಳಿಗೂ ಒಪ್ಪುವುದಿಲ್ಲ. 2000ನೇ ಇಸವಿಯಲ್ಲಿ ಸೇವೆಗಿಳಿದ ರಾಯಲ್ ಕ್ಲಿಪ್ಪರ್ ಎಂಬ ಪ್ರವಾಸಿ ಹಾಯಿಹಡಗಿಗೆ ಐದು ಹಾಯಿಕಂಬಗಳೂ 42 ಹಾಯಿಗಳೂ ಇರುವುದು ನಿಜವಾದರೂ, ಅವುಗಳಲ್ಲಿ ಅನೇಕ ಹಾಯಿಗಳನ್ನು ಬಿಚ್ಚಿ ಸುತ್ತುವುದು ಯಂತ್ರಗಳೇ. ಬಯಸಿದವರು ಹಗ್ಗಕ್ಕೆ ಕೈಜೋಡಿಸಬಹುದು, ಸುರಕ್ಷಾ ಪಟ್ಟಿ ಬಿಗಿದುಕೊಂಡು ಕಂಬದ ಮೇಲಿನ ಅಟ್ಟಣಿಗೆಯವರೆಗೆ ಹತ್ತಬಹುದು (ಹತ್ತುವಾಗ ಕೆಳಗೆ ನೋಡದಿರುವುದೇ ಕ್ಷೇಮ). 1931ರ ಸೀ ಕ್ಲೌಡ್ ಹಾಯಿಹಡಗಿನಲ್ಲಾದರೋ ಸಿಬ್ಬಂದಿ ಇಂದಿಗೂ ಹಾಯಿಯ ಅಡ್ಡಮರಗಳ ಮೇಲೆ ಸಾಲಾಗಿ ನಿಂತು ಕೈಯಿಂದಲೇ ಹಾಯಿ ಬಿಚ್ಚುತ್ತಾರೆ. ಪ್ರಯಾಣಿಕರು ಅಲ್ಲಿ ಬರೀ ನೋಡುಗರು. ಬೇಸಿಗೆಯಲ್ಲಿ ಗ್ರೀಸ್ ಬಳಿಯ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಬಿರುಸಾಗಿ ಬೀಸುವ ಮೆಲ್ಟೆಮಿ ಗಾಳಿಯ ಪ್ರಸ್ತಾಪವೂ ಲೇಖನದಲ್ಲಿಲ್ಲ. ಹಡಗಿನ ತೂಗಾಟಕ್ಕೆ ತಲೆ ಸುತ್ತುವವರು ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಗ್ರೀಸ್‌ನ ದ್ವೀಪಗಳ ಬದಲು ಬೇರೆ ಮಾರ್ಗವನ್ನು ಆರಿಸಿಕೊಳ್ಳುವುದು ಒಳಿತು.